ಯಾಲಕ್ಕಿ ಹಾಕದ ಉಂಡಿ

ಪಕ್ಕದ ಮನೆಯವರು ಎಳ್ಳು ಹುರಿಯುತ್ತಿದ್ದಾರೆ. ಗೋಕಾಕದಲ್ಲಿ ಪಂಚಮಿ ಹತ್ತಿರ ಬಂತೆಂದು ತಿಳಿಯಲು ಪಂಚಾಂಗ ಬೇಕಾಗಿಲ್ಲ, ಕಿಟಕಿ ತೆರೆದರೆ ಸಾಕು. ಒಂದು ಮನೆಯಲ್ಲಿ ಶೇಂಗಾ, ಇನ್ನೊಂದರಲ್ಲಿ ಎಳ್ಳು, ಮತ್ತೊಂದರಲ್ಲಿ ಯಾರೋ ಫೋನಿನಲ್ಲಿ ಮಾತಾಡುತ್ತ ಸೀಯಿಸಿದ ಪುಟಾಣಿ ಕಡಲೆ. ಎಲ್ಲ ಉಂಡಿಯ ತಯಾರಿ. ಈ ವಾಸನೆಗೆ ಹೆಣ್ಣುಮಕ್ಕಳಿಗೆ ತವರು ನೆನಪಾಗಬೇಕು ನೋಡಿ. ನನ್ನ ತವರೇನು ದೂರವಲ್ಲ, ಇಲ್ಲೇ ಮೂಡಲಗಿ. ಬಸ್ಸಿನಲ್ಲಿ ಒಂದು ನಿದ್ದೆ ಪೂರ್ತಿ ಆಗುವುದಿಲ್ಲ. ಆದರೆ ನನ್ನ ಮೂಗು ಮೂಡಲಗಿಯ ಬಸ್ಸನ್ನು ಬಿಟ್ಟು ಸೀದಾ ಚೀನಾದ ವುಹಾನಕ್ಕೆ ಹೋಗಿ ಇಳಿಯಿತು.

ಕುರ್ಚಿ ಹಿಂದೆ ಸರಿಸಬೇಡಿ. ನಾವು ಅಲ್ಲಿದ್ದದ್ದು ರೋಗದ ಕಾಲಕ್ಕಿಂತ ಮುಂಚೆ. ಆಗ ಆ ಊರಿನ ಹೆಸರು ಕೇಳಿ ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲೇ ಇಲ್ಲ. ನನ್ನ ಯಜಮಾನರು ಸಕ್ಕರೆ ಕಾರ್ಖಾನೆಯ ಯಂತ್ರ ನೋಡಿಕೊಳ್ಳುವವರು. ಹೊಸ ಯಂತ್ರ ಕಲಿತು ಬರಲು ಅವರನ್ನು ಒಂದು ವರ್ಷ ಅಲ್ಲಿಗೆ ಕಳಿಸಿದರು. ಒಂದು ಚೀಲ ಕಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ ಕಟ್ಟಿಕೊಂಡು ನಾನೂ ಬೆನ್ನು ಹತ್ತಿದೆ. ಹಿಡಕಲ್ ಡ್ಯಾಮಿನ ನೀರು ನೋಡಿ ಬೆಳೆದವಳು ನಾನು, ನೀರೆಂದರೆ ಇಷ್ಟೇ ಎಂಬ ಜಂಬವಿತ್ತು. ಮೊದಲ ದಿನ ಯಾಂಗ್‌ತ್ಸಿ ನದಿಯ ಸೇತುವೆಯ ಮೇಲೆ ನಿಂತು, "ಆ ಕಡಿ ದಂಡಿ ಎಲ್ಲೈತ್ರಿ?" ಎಂದು ಕೇಳಿದೆ. ಮಂಜಿನಲ್ಲಿ ಯಜಮಾನರಿಗೂ ಕಾಣಲಿಲ್ಲ, ಆದರೆ ಗಂಡಸರು ಹಾಗೆಲ್ಲ ಒಪ್ಪಿಕೊಳ್ಳುತ್ತಾರೆಯೇ? "ಐತಿ, ಅಲ್ಲೇ ಐತಿ" ಎಂದರು.

ನಮ್ಮ ಎದುರು ಬಾಗಿಲಿನಲ್ಲಿ ಚೆನ್ ಅಜ್ಜಿ ಎಂಬ ಮುದುಕಿ ಒಬ್ಬಳೇ ಇದ್ದಳು. ಮೋಟು ಕೂದಲು, ಗಂಡಸರ ಜಾಕೀಟು, ಬೀದಿಗೆಲ್ಲ ಕೇಳುವ ದನಿ. ಒಬ್ಬಳೇ ಮಗಳನ್ನು ದೂರದ ಉತ್ತರದ ಊರಿಗೆ ಕೊಟ್ಟಿದ್ದಳು. ನಮ್ಮಿಬ್ಬರ ಸಂಭಾಷಣೆ ನಡೆಯುತ್ತಿದ್ದದ್ದು ಫೋನಿನಲ್ಲಿ: ಅವಳು ಅದಕ್ಕೆ ಚೀನೀ ಭಾಷೆಯಲ್ಲಿ ಬೈದಂತೆ ಹೇಳುವಳು, ಅದು ನನಗೆ ಹಿಂದಿಯಲ್ಲಿ ಮೆತ್ತಗೆ ಓದಿ ಹೇಳುವುದು. ವರ್ಷದ ಹಬ್ಬಗಳನ್ನೆಲ್ಲ ನನಗೆ ಕಲಿಸಿದವಳು ಅವಳೇ.

ವಸಂತದಲ್ಲಿ ಸರೋವರದ ದಂಡೆಗೆ ಹೂ ನೋಡಲು ಕರೆದೊಯ್ದಳು. ಹೂವಿಗಿಂತ ಹೂವಿನ ಫೋಟೋ ತೆಗೆಯುವವರೇ ಹೆಚ್ಚಿದ್ದರು. ಆಮೇಲೆ ಹಿರಿಯರ ಗೋರಿ ಗುಡಿಸುವ ಹಬ್ಬ. ನಮ್ಮ ಕಾರ ಹುಣ್ಣಿಮೆಗೆ ಇನ್ನೂ ಹತ್ತು ದಿನ ಇದೆ ಎನ್ನುವಾಗ ಡ್ರ್ಯಾಗನ್ ದೋಣಿಯ ಹಬ್ಬ. ಬಾಗಿಲಿಗೆ ಘಾಟು ಸೊಪ್ಪಿನ ಕಟ್ಟು ತೂಗುಹಾಕಿ, ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ಕಡುಬು ತಿಂದು, ನದಿಗೆ ಹೋಗಿ ದೋಣಿಯ ಪಂದ್ಯ ನೋಡುವುದು. ಡೋಲಿನ ಸದ್ದಿಗೆ ನನಗೆ ಕಾರ ಹುಣ್ಣಿಮೆಗೆ ಕರಿ ಹರಿಯಲು ಓಡುವ ನಮ್ಮೂರ ಎತ್ತುಗಳು ನೆನಪಾಗಿ, ಯಾವ ದೋಣಿ ಯಾರದೆಂದು ಗೊತ್ತಿಲ್ಲದೆ "ಹೊಡಿ! ಹೊಡಿ!" ಎಂದು ಕೂಗಿದೆ. ಬೇಸಿಗೆಯಲ್ಲಿ ಅಜ್ಜಿಯ ವಯಸ್ಸಿನವರು ಸೊಂಟಕ್ಕೆ ಗಾಳಿ ತುಂಬಿದ ಚೆಂಡು ಕಟ್ಟಿಕೊಂಡು ಅಷ್ಟಗಲ ನದಿಯಲ್ಲಿ ಈಜುತ್ತಿದ್ದರು. ಶರತ್ಕಾಲದಲ್ಲಿ ಗಿಡಗಳಲ್ಲಿ ಅಕ್ಕಿಕಾಳಿನಷ್ಟು ಹಳದಿ ಹೂ ಬಿಟ್ಟು ಊರಿಗೆ ಊರೇ ಘಮಘಮ. ಅದರ ಬೆನ್ನಿಗೇ ಹುಣ್ಣಿಮೆ, ಚಂದ್ರನಿಗೆಂದು ಮಾಡುವ ದುಂಡನೆಯ ಸಿಹಿ. ಚಳಿಗಾಲ ಬಂತೆಂದರೆ ಎಲ್ಲರ ಬಾಲ್ಕನಿಯಲ್ಲೂ ಬಟ್ಟೆಗಳ ಜೊತೆ ಉಪ್ಪು ಸವರಿದ ಮೀನು ಒಣಗುತ್ತಿದ್ದವು. ಬಸವಣ್ಣನ ಒಕ್ಕಲಿನವರಾದ ನಾವು ಆ ಎರಡು ತಿಂಗಳು ಕಿಟಕಿ ತೆರೆಯಲಿಲ್ಲ.

ಅವರ ಹೊಸ ವರ್ಷ ಶುರುವಾಗುವುದು ಒಂದು ಅಮಾವಾಸ್ಯೆಗೆ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅಜ್ಜಿ ಫೋನಿನಲ್ಲಿ ಹೇಳಿದಳು: "ಹೊಸ ವರ್ಷದ ಎರಡನೆಯ ದಿನ ಮದುವೆಯಾದ ಹೆಣ್ಣುಮಕ್ಕಳು ಗಂಡನ ಜೊತೆ ತವರಿಗೆ ಬರುತ್ತಾರೆ. ಈ ಸಲ ನನ್ನ ಮಗಳಿಗೆ ರಜೆ ಸಿಕ್ಕಿಲ್ಲ." ಹೇಳಿ, ನನ್ನ ಮುಖವನ್ನೇ ನೋಡಿದಳು. ನನಗೆ ಅರ್ಥವಾಯಿತು. ಸಂತೋಷದಿಂದ ರಾತ್ರಿ ನಿದ್ದೆ ಬರಲಿಲ್ಲ. ಅವ್ವ ತೀರಿಕೊಂಡ ಮೇಲೆ ಮತ್ತೊಬ್ಬ ತಾಯಿ ಸಿಕ್ಕಳು ಎನಿಸಿತು.

ಎರಡನೆಯ ದಿನ ಮುಂಜಾನೆ ಇಳಕಲ್ ಸೀರೆ ಉಟ್ಟು, ಅದರ ಮೇಲೆ ಸ್ವೆಟರು ಹಾಕಿ, ಕುಂಕುಮ ಇಟ್ಟು ಕುಳಿತೆ. ಒಂಬತ್ತಾಯಿತು, ಹನ್ನೊಂದಾಯಿತು. ಎದುರು ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಏನೇನೋ ಕುದಿಯುವ ಸದ್ದು. ಕರೆಯಲು ಮಾತ್ರ ಯಾರೂ ಬರಲಿಲ್ಲ.

"ಹೋಗೂನ ನಡಿ, ಹೊಟ್ಟಿ ಹಸದೈತಿ," ಎಂದರು ಯಜಮಾನರು.

"ಕರೀಲಾರ್ದ ಹೆಂಗ ಹೋಗೋದ್ರಿ? ನಮ್ಮ ಮಂದ್ಯಾಗ ಹಂಗ ಹೋಗತಾರೇನ್ರಿ?"

ಖರೇನೇ ಅಲ್ಲವೇ? ನಮ್ಮಲ್ಲಿ ಪಂಚಮಿಗೆ ಅಣ್ಣನೋ ತಮ್ಮನೋ ಮನೆಗೆ ಬಂದು, ಅತ್ತೆಯ ಎದುರು ಕುಳಿತು, ಚಹಾ ಕುಡಿದು, "ತಂಗೀನ ಕಳಸರಿ" ಎಂದು ಕೇಳಬೇಕು. ಕರೆಯದೆ ತವರಿಗೆ ಹೋದವಳು ಸದರವಾದಳು ಎಂದೇ ಲೆಕ್ಕ. ಯಜಮಾನರಿಗೆ ಈ ಶಾಸ್ತ್ರ ಗೊತ್ತಿಲ್ಲದ್ದೇನಲ್ಲ, ಆದರೆ ಹಬ್ಬಕ್ಕೆ ಕಾರ್ಖಾನೆಯ ಕ್ಯಾಂಟೀನು ಬಂದಾಗಿತ್ತು, ಅಂಗಡಿಗಳೂ ಮುಚ್ಚಿದ್ದವು. "ನಿನ್ನ ಮಾನಾ ಕಾಯ್ಕೊಂತ ಕುಂತ್ರ ನಾ ಏನ್ ತಿನ್ನಲಿ?" ಎಂದು ಕಡಕ್ ರೊಟ್ಟಿ ಮುರಿಯತೊಡಗಿದರು. ಎದುರು ಮನೆಯ ಘಮಕ್ಕೆ ಒಣ ರೊಟ್ಟಿ ನೆಂಜಿಕೊಂಡು ತಿಂದ ಜೋಡಿ ನಾವೇ ಇರಬೇಕು.

ಮೂರು ಗಂಟೆಗೆ ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನಾನು ಕಸ ಹೊಡೆಯುವವಳು. ಬರಿಗೆ ತೆಗೆದುಕೊಂಡು ಹೋಗಿ, ಎರಡು ಬಾಗಿಲುಗಳ ನಡುವಿನ ಜಾಗವನ್ನು ಅಜ್ಜಿಗೆ ಕೇಳಲಿ ಎಂದೇ ಪರಪರ ಗುಡಿಸತೊಡಗಿದೆ. ಅಜ್ಜಿ ಕೂಗುತ್ತ ಓಡಿ ಬಂದಳು. ಹೊಸ ವರ್ಷದ ಮೊದಲ ದಿನಗಳಲ್ಲಿ ಅವರು ಕಸ ಹೊಡೆಯುವುದಿಲ್ಲ, ಮನೆಯ ಭಾಗ್ಯವೂ ಗುಡಿಸಿಕೊಂಡು ಹೋಗುತ್ತದಂತೆ. ಬರಿಗೆ ಕಸಿದುಕೊಂಡಳು. ಹತ್ತಿರದಿಂದ ನೋಡಿದರೆ ಅವಳ ಕಣ್ಣು ಅತ್ತು ಕೆಂಪಾಗಿತ್ತು. ಫೋನು ತೆಗೆದು ಅದಕ್ಕೆ ಬೈದಳು. ಅದು ಮೆತ್ತಗೆ ಕೇಳಿತು: "ನೀನು ಯಾಕೆ ಬರಲಿಲ್ಲ?"

ನಾನೂ ಬೈದೆ: "ನೀವು ಯಾಕೆ ಕರೆಯಲಿಲ್ಲ?"

ಅಜ್ಜಿ ಅದನ್ನು ಎರಡು ಸಲ ಕೇಳಿಸಿಕೊಂಡಳು. ಆಮೇಲೆ ಗೋಡೆ ಹಿಡಿದು ನಕ್ಕಳು. "ಮಗಳನ್ನು ಯಾರಾದರೂ ಕರೆಯುತ್ತಾರೆಯೇ? ಈ ಚಳಿಯಲ್ಲಿ ಮುಂಜಾನೆಯಿಂದ ಬಾಗಿಲು ತೆಗೆದಿಟ್ಟು ಕುಳಿತಿದ್ದೇನೆ."

ಒಳಗೆ ಮೇಜಿನ ಮೇಲೆ ಒಂದು ದೊಡ್ಡ ಪಾತ್ರೆಯಲ್ಲಿ ತಾವರೆ ಗೆಡ್ಡೆ ಮತ್ತು ಎಲುಬಿನ ಸಾರು. ಪಕ್ಕದಲ್ಲಿ ಪುಟ್ಟದೊಂದು ಪಾತ್ರೆ, ಮೇಲೆ ತಟ್ಟೆ ಮುಚ್ಚಿತ್ತು. ಅದರಲ್ಲಿ ಬರೀ ತಾವರೆ ಗೆಡ್ಡೆ, ಎಲುಬು ಹಾಕದ್ದು. ಅದು ನಮಗೆಂದು ಬೇರೆಯಾಗಿ ಕುದಿಸಿದ್ದು. ಆ ಸಾರು ಉಣ್ಣುತ್ತ ನಾನು ಅತ್ತದ್ದನ್ನು ಯಜಮಾನರು ಇವತ್ತಿಗೂ ಖಾರಕ್ಕೆ ಅತ್ತದ್ದು ಎಂದೇ ಹೇಳುತ್ತಾರೆ. ಅದರಲ್ಲಿ ಖಾರವೇ ಇರಲಿಲ್ಲ. ಹದಿಮೂರು ದಿನ ಬಿಟ್ಟು, ನಮ್ಮ ಭಾರತ ಹುಣ್ಣಿಮೆಯ ದಿನವೇ, ಅವರ ದೀಪದ ಹಬ್ಬ. ಅವತ್ತು ಅಜ್ಜಿ ಹುರಿದ ಕರಿ ಎಳ್ಳು ತುಂಬಿದ ಅಕ್ಕಿ ಹಿಟ್ಟಿನ ಉಂಡಿ ಮಾಡಿದಳು. ನಾನು ಕರೆಸಿಕೊಳ್ಳದೆ, ಬಾಗಿಲೂ ಬಡಿಯದೆ, ಒಳಗೆ ಹೋಗಿ ಎಳ್ಳು ಕುಟ್ಟಲು ಕುಳಿತೆ. ಅದೇ ವಾಸನೆ ಇದು.

ಇಷ್ಟು ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಮೂರು ವರ್ಷದಿಂದ ನಾನು ಪಂಚಮಿಗೆ ಮೂಡಲಗಿಗೆ ಹೋಗಿಲ್ಲ. ಮೊದಲೆಲ್ಲ ಅಣ್ಣ ತಾನೇ ಬಂದು ಕರೆಯುತ್ತಿದ್ದ. ಮೂರು ವರ್ಷದ ಹಿಂದೆ, ಬರುವ ಬದಲು, ಶುಭಾಶಯ ಬರೆದ ನಾಗಪ್ಪನ ಚಿತ್ರವೊಂದನ್ನು ಫೋನಿಗೆ ಕಳಿಸಿ, ಕೆಳಗೆ "ಬಾರವ್ವ" ಎಂದು ಸೇರಿಸಿದ. ಅದೇ ಚಿತ್ರವನ್ನು ಬಳಗದವರಿಗೆಲ್ಲ ಕಳಿಸಿದ್ದ. ಇದೂ ಒಂದು ಕರೆಯುವುದೇ? ನಾನು ಹೋಗಲಿಲ್ಲ. ಅವನೂ ಕೇಳಲಿಲ್ಲ. ಮರುವರ್ಷವೂ ಹಾಗೇ, ಅದರ ಮರುವರ್ಷವೂ ಹಾಗೇ. ಚೀನಾಕ್ಕೆ ಹೋಗಿ ಕಲಿತು ಬಂದದ್ದನ್ನು ಮೂಡಲಗಿಯಲ್ಲಿ ಮರೆತ ಜಾಣೆ ನಾನು. ಈ ಪಂಚಮಿಗೂ ಹೀಗೇ ಕುಳಿತರೆ ನನಗೆ ತವರೇ ಇಲ್ಲದಂತಾಗುತ್ತದೆ ಎಂದು ಎಳ್ಳಿನ ವಾಸನೆಯಲ್ಲಿ ಕುಳಿತು ನಿಜವಾಗಿ ಹೆದರಿದೆ.

ಸೀರೆ ಬದಲಿಸಿ ಬಸ್ಸು ಹತ್ತಿದೆ.

ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು. ಪಕ್ಕದಲ್ಲಿ ಕೋಲು. ಕೋಲಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಯಾರ ಕರದ್ರವ್ವ ನಿನ್ನ?" ಎಂದ. ದನಿಯಲ್ಲಿ ಬಿಗುವಿತ್ತು, ಕೈ ಮಾತ್ರ ಆಗಲೇ ಕೋಲು ಸರಿಸಿ ಪಕ್ಕದಲ್ಲಿ ಜಾಗ ಮಾಡುತ್ತಿತ್ತು.

"ಬಾಗ್ಲಾ ತಗದಿತ್ತು, ಬಂದ್ನಿ," ಎಂದೆ.

ಒಳಗಿನಿಂದ ಅಣ್ಣನ ಹೆಂಡತಿ, ನಮ್ಮ ವೈನಿ, ಓಡಿ ಬಂದಳು, ಕೈಯಲ್ಲಿ ಒಂದು ಸಣ್ಣ ಸ್ಟೀಲಿನ ಡಬ್ಬಿ. "ಹಿಡೀರಿ, ನಿಮ್ದ ಇದು. ಯಾಲಕ್ಕಿ ಹಾಕಿಲ್ಲ. ಮೂರು ವರ್ಷ ಆತು, ನಿಮಗ ಯಾಲಕ್ಕಿ ಸೇರೂದಿಲ್ಲಂತ ಇದೊಂದ ಡಬ್ಬಿ ಬ್ಯಾರೆ ಕಟ್ಟಸ್ತಾರ ನಿಮ್ಮಣ್ಣ. ಹಬ್ಬ ಮುಗದ ಮ್ಯಾಲ ಸಪ್ಪಗದಾವು ಅಂತ ಯಾರೂ ಮುಟ್ಟೂದಿಲ್ಲ. ಇಲ್ಲೇ ಕಟ್ಟಿ ಮ್ಯಾಲ ಕುಂತು ತಾವ ಒಬ್ರ ತಿಂತಾರ, ಬಾಗ್ಲಾ ನೋಡ್ಕೊಂತ."