ಲೋಡು ಬಿದ್ದಾಗ ಕೇಳುವ ಸದ್ದು

ಚಾಮರಾಜನಗರದ ಹೊಸ ಗ್ಯಾರೇಜಿನವರು ನನ್ನ ಹಳೇ ಡೀಸೆಲ್ ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ನಿಂತಲ್ಲೇ ಎರಡು ಸಲ ರೇಸ್ ಮಾಡಿ, "ಏನೂ ಪ್ರಾಬ್ಲಂ ಇಲ್ಲ ಸಾರ್" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬನೇ ಓಡಿಸುವಾಗ ನನಗೂ ಪ್ರಾಬ್ಲಂ ಇರಲಿಲ್ಲ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಏರು ಹತ್ತಿಸುವಾಗಲೇ ಅದು ಮೊಂಡು ಹಿಡಿಯುತ್ತಿದ್ದದ್ದು, ಹಿಂದೆ ಕಪ್ಪು ಹೊಗೆ ಬಿಡುತ್ತಿದ್ದದ್ದು. ಅದನ್ನು ಹೇಳಿದರೆ ಅವರು ಮತ್ತೆ ಸ್ಕ್ರೀನನ್ನೇ ತೋರಿಸಿದರು.

ಆಗ ಗುಂಡ್ಲುಪೇಟೆಯ ಭಾಯ್ ನೆನಪಾದ. ನೆನಪಾದ ಅನ್ನುವುದೂ ಸುಳ್ಳು. ಅವನು ತನ್ನ ಗ್ಯಾರೇಜಿನ ಬಾಗಿಲು ಹಾಕಿ ಎರಡು ವರ್ಷ, ನಾನು ಅವನನ್ನು ಮರೆತ ದಿನವೇ ಇಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವನು, ಇಪ್ಪತ್ತು ವರ್ಷ ನನ್ನ ಕಾರುಗಳ ಹೊಟ್ಟೆ ಬಗೆದವನು.

ಅವನದು ಒಂದು ಪದ್ಧತಿ. ರಿಪೇರಿಗೆ ಮುಂಚೆ ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ, ತೆರಕಣಾಂಬಿ ಬಸ್ಸಿಗೆ ಕಾಯುವವರಲ್ಲಿ ಮೈಕೈ ತುಂಬಿಕೊಂಡವರನ್ನೇ ಆರಿಸಿ ಹತ್ತಿಸಿಕೊಳ್ಳುವುದು. ಚೀಲಗಳಿದ್ದವರಿಗೆ ಇನ್ನೂ ಹೆಚ್ಚು ಮರ್ಯಾದೆ.

"ಖಾಲಿ ಕಾರು ಯಾವತ್ತೂ ನಿಜ ಏಳಲ್ಲ ಕಣ್ಲಾ," ಎನ್ನುತ್ತಿದ್ದ. "ಲೋಡು ಬಿದ್ರೆ ಒಗೆ ಜಾಸ್ತಿ ಬತ್ತದೆ, ಅದ್ರ ರಭಸಕ್ಕೆ ಟರ್ಬೊ ತಿರುಗ್ತದೆ, ಇಂಜಿನ್ನಿಗೆ ಗಾಳಿ ತುಂಬ್ತದೆ. ಗಾಳಿಗೆ ತಕ್ಕಂಗೆ ಡೀಸೆಲ್ಲು. ಮಧ್ಯದಲ್ಲಿ ಗಾಳಿ ಸೋರೋದ್ರೆ ಡೀಸೆಲ್ಲು ಅರ್ಧಂಬರ್ಧ ಉರಿತದೆ."

ನಾನು ಸುಮ್ಮನಿರುವ ಆಸಾಮಿಯಲ್ಲ. ಡೀಸೆಲ್ ಪಂಪಿನದೇ ದೋಷ ಎಂದು ಪ್ರತಿ ಸಲವೂ ವಾದಿಸುತ್ತಿದ್ದೆ. ಅವನು ನನ್ನ ವಾದವನ್ನು ಮೂರಾಬಟ್ಟೆ ಮಾಡುತ್ತಿದ್ದ. ಹಿಂದಿನ ಸೀಟಿನವರು ಇಬ್ಬರಿಗೂ ಬುದ್ಧಿ ಹೇಳುತ್ತಿದ್ದರು. ಏರಿನಲ್ಲಿ ಅವನು ಕೈ ಎತ್ತಿದನೆಂದರೆ ಎಲ್ಲರ ಬಾಯಿ ಬಂದ್. ಕಣ್ಣು ಮುಚ್ಚಿ ಕೇಳಿಸಿಕೊಂಡು, ಗಾಳಿಯ ಯಾವ ಪೈಪು ಎಷ್ಟು ಸೀಳಿದೆ ಎಂದು ಅಲ್ಲೇ ಹೇಳಿಬಿಡುತ್ತಿದ್ದ. ಆ ಜಗಳದ ಪ್ರಯಾಣಗಳಲ್ಲಿದ್ದ ಸುಖ ನನಗೆ ಯಾವ ಪ್ರವಾಸದಲ್ಲೂ ಸಿಕ್ಕಿಲ್ಲ.

ಅವನ ಕಿವಿ ಮಂದವಾಗಿದೆ, ಅದಕ್ಕೇ ಬಾಗಿಲು ಹಾಕಿದ್ದು ಎಂದು ಪೇಟೆಯವರು ಹೇಳಿದ್ದರು. ನಾನು ನಂಬಿರಲಿಲ್ಲ, ನಂಬಲು ಇಷ್ಟವೂ ಇರಲಿಲ್ಲ. ಮನೆಗೆ ಹೋದಾಗ ಅವನ ಹೆಂಡತಿ, "ಸ್ವಲ್ಪ ಜೋರಾಗಿ ಮಾತಾಡಿ," ಎಂದರು. ಅವನು ಕಾರು ಕಂಡದ್ದೇ ಚಪ್ಪಲಿ ಮೆಟ್ಟಿಕೊಂಡ. ಹಳೇ ಚಾಳಿಗೆ ನಾನು, ಈ ಸಲ ಪಂಪೇ ಎಂದು ಅವನ ಕಿವಿಯ ಹತ್ತಿರ ಕೂಗಿದೆ. ಅವನು ನಕ್ಕ.

ಬಸ್‌ಸ್ಟ್ಯಾಂಡಿನಲ್ಲಿ ಪದ್ಧತಿ ನಡೆಯಲಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸೇ ಫ್ರೀ ಆಗಿರುವಾಗ ನಮ್ಮ ಡಬ್ಬಾ ಗಾಡಿ ಯಾರಿಗೆ ಬೇಕು? "ಬಸ್ಸು ಬತ್ತದೆ ಬುಡಣ್ಣ," ಎಂದು ಒಬ್ಬಾಕೆ ಮುಖ ತಿರುಗಿಸಿದರು. ಕೊನೆಗೆ ಪರಿಚಯದ ಮಂಡಿಯಿಂದ ನಾಲ್ಕು ಮೂಟೆ ಈರುಳ್ಳಿ ಕೇಳಿ ತಂದು ತುಂಬಿದೆವು.

ಏರು ಬಂತು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಬಾನೆಟ್ಟಿನೊಳಗಿಂದ ಉಸ್ಸೆಂದು ಗಾಳಿ ಸೋರುವ ಸದ್ದು. ನನಗೇ ಸ್ಪಷ್ಟವಾಗಿ ಕೇಳಿಸಿತು. ಅವನು ಕೈ ಎತ್ತಿ, ಕಣ್ಣು ಮುಚ್ಚಿ ಕೂತಿದ್ದ.

"ಪೈಪು ಸರಿಯಾಗೇ ಅದೆ," ಎಂದ. "ನೀನು ಏಳ್ದಂಗೆ ಪಂಪಿಂದೇ ಇರ್ಬೇಕು."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನು ಗೆದ್ದಿದ್ದೆ. ಗಾಳಿ ಸೋರುವ ಸದ್ದು ಇನ್ನೂ ಕೇಳುತ್ತಲೇ ಇತ್ತು. "ಹೌದು ಭಾಯ್, ಪಂಪೇ," ಎಂದು ಜೋರಾಗಿ ಹೇಳಿದೆ.

ಅವನು ಕಣ್ಣು ತೆರೆದು ನನ್ನ ಮುಖವನ್ನೇ ನೋಡಿದ. "ನೀನು ಇಷ್ಟು ಬೇಗ ಒಪ್ಕಳೋನಲ್ಲ. ಗಾಡಿ ನಿಲ್ಸು. ಸದ್ದು ಕೇಳುಸ್ತು ತಾನೆ ನಿಂಗೆ?"

ನಿಲ್ಲಿಸಿದೆ. ಕೇಳಿಸಿತು ಎಂದು ತಲೆಯಾಡಿಸಿದೆ.

"ಎಲ್ಲಿಂದ?"

ಎಡಗಡೆಯಿಂದ, ಟರ್ಬೊದ ಕಡೆಯಿಂದ ಬರುವ ರಬ್ಬರ್ ಪೈಪಿನ ತಿರುವಿನಲ್ಲಿರಬೇಕು ಎಂದು ಗಟ್ಟಿಯಾಗಿ ಹೇಳಿದೆ. ಅದು ಬರೀ ಅಂದಾಜು. ನನ್ನ ಅಂದಾಜು ಅವನ ಮುಂದೆ ಒಂದು ದಿನವೂ ನಿಂತದ್ದಿಲ್ಲ. ಈಗ ಶುರುಮಾಡುತ್ತಾನೆ, ನಿನ್ನ ತಲೆಯಲ್ಲಿ ಏನಿದೆ ಎಂದು ಕೇಳುತ್ತಾನೆ ಎಂದು ಆಸೆಯಿಂದ ಕಾದೆ. ಬಯ್ಯಲಿ, ಒಂದೇ ಒಂದು ಸಲ ಬಯ್ಯಲಿ ಎಂದು ಜೀವ ಹಂಬಲಿಸಿತು.

ಅವನು ವಾದ ಮಾಡಲಿಲ್ಲ. ಬಾನೆಟ್ ಎತ್ತಿ, ನಾನು ಹೇಳಿದ ಕಡೆಗೇ ಕೈ ಹಾಕಿದ.