ರೇಟಕ್ಕನ ಮುಖವೂ ರಾಜ್ಯದ ಬೆಲೆಯೂ

ಪೇಟೆಯವರಿಗೆಲ್ಲ ಅವಳು ರೇಟಕ್ಕ. ಸರ್ಕಾರಿ ಕಾಗದದಲ್ಲಿ ಅವಳ ಹುದ್ದೆಗೆ ಒಂದೂವರೆ ಸಾಲಿನ ಹೆಸರಿತ್ತು. ಅದನ್ನು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗಿತ್ತು? ಕೆಲಸವೇನೋ ಇಷ್ಟೇ: ತಿಂಗಳಿಗೊಂದು ವಾರ ದೊಡ್ಡ ಪೇಟೆಯ ನಲವತ್ತು ಅಂಗಡಿಗಳಿಗೆ ಹೋಗುವುದು, ಪ್ರತಿ ಅಂಗಡಿಯಲ್ಲೂ ಹೋದ ತಿಂಗಳು ಕೇಳಿದ ಅದೇ ಸಾಮಾನಿನ ಬೆಲೆ ಕೇಳುವುದು, ಬರೆದುಕೊಳ್ಳುವುದು, ಏನನ್ನೂ ಕೊಳ್ಳದೆ ಎದ್ದು ಬರುವುದು. ಇಪ್ಪತ್ತೆರಡು ವರ್ಷ ಅವಳು ಇದನ್ನು ಒಂದು ತಿಂಗಳೂ ತಪ್ಪಿಸಿರಲಿಲ್ಲ. ಜ್ವರ ಬಂದಾಗಲೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋಗಿ ಈರುಳ್ಳಿಯ ಬೆಲೆ ಕೇಳಿ ಬಂದವಳು.

ರಾಜ್ಯದಲ್ಲಿ ಹೀಗೆ ಬೆಲೆ ಕೇಳುವ ಪೇಟೆಗಳು ಒಂಬತ್ತು. ಅವುಗಳಲ್ಲಿ ಇವಳದೇ ಹಿರಿದು, ಲೆಕ್ಕದಲ್ಲಿ ಅದರ ತೂಕವೇ ಹೆಚ್ಚು. ಇವಳು ಬರೆದದ್ದರಿಂದ ಬೆಲೆ ಸೂಚ್ಯಂಕ, ಸೂಚ್ಯಂಕದಿಂದ ನೌಕರರ ತುಟ್ಟಿಭತ್ಯೆ, ಎಲ್ಲದರ ಮೇಲೆ ವರ್ಷಕ್ಕೊಮ್ಮೆ ಹೊರಬರುವ ‘ರಾಜ್ಯದ ಆರ್ಥಿಕ ಮುನ್ನೋಟ’ ಎಂಬ ದಪ್ಪ ಪುಸ್ತಕ. ಒಟ್ಟಿನಲ್ಲಿ ರಾಜ್ಯದ ಭವಿಷ್ಯ ರೇಟಕ್ಕನ ಬಗಲಚೀಲದಲ್ಲಿ, ತಿಂಡಿಯ ಡಬ್ಬಿಯ ಪಕ್ಕದಲ್ಲಿ ಇರುತ್ತಿತ್ತು.

ಅವಳ ಮುಖದ ವಿಷಯ ಇಲ್ಲೇ ಹೇಳಿಬಿಡಬೇಕು. ಬೆಲೆ ಏರಿದೆ ಎಂದು ಅಂಗಡಿಯವನು ಹೇಳಿದರೆ ಸಾಕು, ಅವಳ ತುಟಿಯ ತುದಿಗಳು ಕೆಳಗಿಳಿದು, ಹುಬ್ಬುಗಳು ಒಂದಕ್ಕೊಂದು ತಾಗಿ, ಪೆನ್ನು ಹಿಡಿದ ಕೈ ಮಡಿಲಿಗೆ ಬೀಳುತ್ತಿತ್ತು. “ಮತ್ತೆ ಏರ್ತಾ?” ಎಂದು ಕೇಳುವಳು. ಹತ್ತಿರದವರು ಯಾರೋ ಹೋಗಿಬಿಟ್ಟರೆಂಬ ಸುದ್ದಿ ಬಂದವರು ಹಾಗೆ ಕೇಳುತ್ತಾರೆ. ತನಗೆ ಇಂಥದೊಂದು ಮುಖವಿದೆಯೆಂಬುದು ಅವಳಿಗೇ ಗೊತ್ತಿರಲಿಲ್ಲ. ಕನ್ನಡಿ ಹಿಡಿದುಕೊಂಡು ಬೆಲೆ ಕೇಳುವವರು ಯಾರಿದ್ದಾರೆ?

ಬೆಲೆ ಕೇಳುವವರು ಕೇಳಿದ ಅಂಗಡಿಯಲ್ಲಿ ಕೊಳ್ಳುವಂತಿಲ್ಲ ಎಂಬುದು ಇಲಾಖೆಯ ನಿಯಮ. ಹಂಗಿಗೆ ಬೀಳಬಾರದಲ್ಲ. ಆದ್ದರಿಂದ ಮನೆಯ ಸಾಮಾನು ತರುವ ಕೆಲಸ ಗಂಡನ ಪಾಲಿಗೆ ಬಂದಿತ್ತು, ಅದೂ ಪೇಟೆಯ ಆ ತುದಿಯ ಬೇರೆ ಅಂಗಡಿಗಳಿಂದ. ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದು ನಿವೃತ್ತನಾದವನು. ಯಾವ ಬಸ್ಸು ಯಾವ ದಿನ ಎಷ್ಟು ನಿಮಿಷ ತಡವಾಯಿತೆಂದು ಇವತ್ತಿಗೂ ಹೇಳಬಲ್ಲ. ಆದರೆ ಚೀಲ ಹಿಡಿದು ಮನೆಗೆ ಬಂದ ಕೂಡಲೆ ಅವನ ಬಾಯಿ ಕಟ್ಟಿಹೋಗುತ್ತಿತ್ತು.

ಯಾಕೆಂದರೆ ಅವನು ಏನು ತಂದರೂ ದುಬಾರಿ. ರೇಟಕ್ಕನ ಪುಸ್ತಕದಲ್ಲಿ ಸಕ್ಕರೆ ನಲವತ್ತಾದರೆ ಅವನು ಐವತ್ತು ಕೊಟ್ಟು ಬಂದಿರುತ್ತಿದ್ದ. ಸರ್ಕಾರವೇ ಅಚ್ಚು ಹಾಕಿಸಿದ ಬೆಲೆ ಬಿಟ್ಟು ಗಂಡನ ಮಾತು ನಂಬುವುದುಂಟೇ? “ನಿಮಗೆ ಟೋಪಿ ಹಾಕಿದಾರೆ” ಎಂದು ಅವಳು ಪ್ರತಿ ಸಂಜೆ ತೀರ್ಪು ಕೊಡುತ್ತಿದ್ದಳು. ನೆಂಟರಿಷ್ಟರ ಎದುರಿಗೂ ಹೇಳಿ ಹೇಳಿ, ಅವಳ ತಂಗಿಯ ಮಕ್ಕಳು ಅವನನ್ನು ‘ಟೋಪಿ ದೊಡ್ಡಪ್ಪ’ ಎಂದೇ ಕರೆಯುತ್ತಿದ್ದರು. ಮೊದಮೊದಲು ಅವನು ವಾದಿಸಿದ. ಆಮೇಲೆ ನಾಲ್ಕು ಅಂಗಡಿ ಸುತ್ತಿ ಕೇಳತೊಡಗಿದ. ಕೊನೆಗೆ ಬಡವನ ಕೋಪ ದವಡೆಗೆ ಮೂಲ ಎಂದು ಸುಮ್ಮನಾದ.

ಅವಳ ನಿವೃತ್ತಿಗೆ ಹದಿನೈದು ದಿನ ಉಳಿದಿತ್ತು. ಆ ವರ್ಷದ ಮುನ್ನೋಟ ಸೋಮವಾರ ಅಚ್ಚಿಗೆ ಹೋಗುವುದರಲ್ಲಿತ್ತು. ದೇಶದ ಮುನ್ನೋಟ ಬಿಸಿಲಿಗೆ ಬಾಡಿದ ಸೊಪ್ಪಿನಂತಿದ್ದರೂ ಈ ರಾಜ್ಯದ್ದು ಮಾತ್ರ ನಳನಳಿಸುತ್ತಿತ್ತು. ಎಲ್ಲೆಡೆ ಬೆಲೆ ಗಗನಕ್ಕೇರಿದ್ದರೆ ಇಲ್ಲಿ ಅದು ಏಣಿಯ ಮೊದಲ ಮೆಟ್ಟಿಲಲ್ಲೇ ಕುಳಿತಿತ್ತು. ಇಲಾಖೆಯ ನಿರ್ದೇಶಕರು ಹಿಗ್ಗಿ ಹೀರೇಕಾಯಿಯಾಗಿ, ಪುಸ್ತಕ ಬಿಡುಗಡೆಯ ದಿನ ರೇಟಕ್ಕನನ್ನು ವೇದಿಕೆಯ ಮೇಲೆ ಕೂರಿಸಿ ಪ್ರಶಸ್ತಿಪತ್ರ ಕೊಡುವುದೆಂದು ಸಾರಿದರು. ಜೀವಮಾನದಲ್ಲಿ ಒಮ್ಮೆಯೂ ವೇದಿಕೆ ಹತ್ತದವಳು ಹೊಸ ಚಪ್ಪಲಿ ತರಿಸಿದಳು. ಚಪ್ಪಲಿಯ ಬೆಲೆಗೂ ಗಂಡನಿಗೆ ಬೈಗುಳ ಬಿತ್ತು.

ಈ ಪವಾಡವನ್ನು ಕಣ್ಣಾರೆ ಕಾಣಲು ಶುಕ್ರವಾರ ಕೇಂದ್ರ ಕಚೇರಿಯಿಂದ ತಜ್ಞರೊಬ್ಬರು ಬಂದರು. ಸಣಕಲು ಮೈ, ಮೆತ್ತನೆಯ ಮಾತು, ಬಗಲಲ್ಲಿ ದೇಶದ ಮುನ್ನೋಟದ ಫೈಲು. ರೇಟಕ್ಕ ಅವರನ್ನು ಅಂಗಡಿಯಿಂದ ಅಂಗಡಿಗೆ ಕರೆದೊಯ್ದಳು. ಕೊಡೆಯ ಅಂಗಡಿಯವನು ಎಂದಿನಂತೆ ಸ್ಟೂಲು ಒರೆಸಿ ಕೊಟ್ಟು, ಕಪ್ಪು ಕೊಡೆಗೆ ನೂರ ಎಂಬತ್ತು ಎಂದ. ಬರೆದುಕೊಂಡಳು. ಇಬ್ಬರೂ ಹತ್ತು ಅಂಗಡಿ ದಾಟಿರಲಿಲ್ಲ, ಮಳೆ ಹಿಡಿಯಿತು. ತಜ್ಞರು ದೇಶದ ಮುನ್ನೋಟವನ್ನೇ ತಲೆಯ ಮೇಲಿಟ್ಟುಕೊಂಡು ಹಿಂದಕ್ಕೆ ಓಡಿ, ಅದೇ ಕಪ್ಪು ಕೊಡೆ ಬಿಚ್ಚಿಕೊಂಡು ಬಂದರು. ಕೈಯಲ್ಲಿ ರಸೀದಿ ಇತ್ತು: ಇನ್ನೂರ ಅರವತ್ತು.

“ನಿಮಗೆ ಟೋಪಿ ಹಾಕಿದಾನೆ ಸರ್” ಎಂದಳು ರೇಟಕ್ಕ. ಬಾಯಿಪಾಠವಾಗಿಹೋಗಿದ್ದ ಮಾತು. ಅಷ್ಟಕ್ಕೇ ಬಿಡದೆ, ಪರಸ್ಥಳದವರನ್ನು ಸುಲಿಯುವುದೇ ಎಂದು ಮಳೆಯಲ್ಲೇ ಅಂಗಡಿಗೆ ನುಗ್ಗಿದಳು. ಅಂಗಡಿಯವನು ತಲೆ ಕೆರೆದುಕೊಂಡ.

“ಅಕ್ಕ, ಎಲ್ಲರಿಗೂ ಇನ್ನೂರ ಅರವತ್ತೇ. ನೂರ ಎಂಬತ್ತು ನಿಮಗೊಬ್ಬರಿಗೇ.”

“ನನಗ್ಯಾಕೆ? ನಾನೇನು ಕೊಳ್ತೀನಾ?”

“ಅದಕ್ಕೇ ಅಕ್ಕ. ನೀವು ಕೊಳ್ಳಲ್ಲ, ನಮಗೆ ನಷ್ಟವೂ ಇಲ್ಲ. ಏರಿದೆ ಅಂದ್ರೆ ನಿಮ್ಮ ಮುಖ ನೋಡೋಕಾಗಲ್ಲ.”

ರೇಟಕ್ಕ ಅಲ್ಲಿಂದ ದಿನಸಿ ಅಂಗಡಿಗೆ ಹೋದಳು, ಕ್ಷೌರದಂಗಡಿಗೆ ಹೋದಳು, ಪೊರಕೆ ಮಾರುವವಳ ಬಳಿ ಹೋದಳು. ಎಲ್ಲ ಕಡೆಯೂ ಅದೇ ಕತೆ. ಯಾರ ಮೋಸವೂ ಇರಲಿಲ್ಲ, ಬರಿಯ ಕನಿಕರ. ಅವಳು ಬೆಲೆ ಕೇಳಲು ಬಂದ ಹೊಸತರಲ್ಲಿ ತಾನೊಮ್ಮೆ ಎಣ್ಣೆಯ ನಿಜವಾದ ಬೆಲೆ ಹೇಳಿದ್ದಾಗಿಯೂ, ಅಕ್ಕ ಕುಸಿದು ಕೂತು ನೀರು ಕೇಳಿದ್ದಾಗಿಯೂ, ಅವತ್ತಿನಿಂದ ನಿಜ ಹೇಳಲು ಬಾಯಿ ಬಂದಿಲ್ಲವೆಂದೂ ದಿನಸಿಯವನು ಒಪ್ಪಿಕೊಂಡ. ದೇಶದ ದೊಡ್ಡ ದೊಡ್ಡ ಬುದ್ಧಿವಂತರು ತಲೆಕೆಳಗಾಗಿ ನಿಂತರೂ ತಡೆಯಲಾಗದ ಬೆಲೆ ಏರಿಕೆಯನ್ನು ಒಂದು ಮುಖ ಇಪ್ಪತ್ತೆರಡು ವರ್ಷ ತಡೆದಿತ್ತು, ಕಾಗದದ ಮೇಲೆ.

ತಜ್ಞರು ಅವಳ ತಲೆಯ ಮೇಲೆ ಕೊಡೆ ಹಿಡಿದು ನಡೆದರು. ತಿದ್ದುಪಡಿಯ ಫಾರಂ ಒಂದಿದೆ, ಹನ್ನೆರಡು ತಿಂಗಳ ಬೆಲೆ ತಿದ್ದಬಹುದು, ಸೋಮವಾರದೊಳಗೆ ಆಗಬೇಕು ಎಂದರು. ತುಂಬುವುದೂ ಬಿಡುವುದೂ ಅವಳಿಗೇ ಸೇರಿದ್ದು, ತಾವಾಗಿ ಯಾರಿಗೂ ಹೇಳುವುದಿಲ್ಲ ಎಂದೂ ಸೇರಿಸಿದರು. ಆದರೆ ಹೋದ ವರ್ಷದ ಬೆಲೆಗಳು ತಿಂಗಳುವಾರು ಯಾರಿಗೆ ನೆನಪಿರುತ್ತವೆ ಎಂದು ಅವರಿಗೂ ಹೊಳೆಯಲಿಲ್ಲ. ರೇಟಕ್ಕನಿಗೆ ಹೊಳೆದಿತ್ತು. ಅದಕ್ಕೇ ಅವಳಿಗೆ ಮನೆಗೆ ಹೋಗಲು ಕಾಲು ಬರಲಿಲ್ಲ. ಪ್ರಶಸ್ತಿಪತ್ರ ಹೋದರೆ ಹೋಗಲಿ, ಆ ಮನುಷ್ಯನ ಮುಖ ಹೇಗೆ ನೋಡುವುದು?

ಗಂಡ ಅಡುಗೆಮನೆಯ ಮೇಜಿನ ಮೇಲೆ ಸಾಮಾನು ಸಾಲಾಗಿಟ್ಟು, ಪಾಠ ಒಪ್ಪಿಸುವ ಹುಡುಗನಂತೆ ಕಾದು ನಿಂತಿದ್ದ. ಅವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. “ಆಲೂಗಡ್ಡೆ ನಲವತ್ನಾಲ್ಕು. ನಾಲ್ಕು ಅಂಗಡಿ ಕೇಳ್ದೆ. ಎಲ್ಲೂ ಕಮ್ಮಿ ಇಲ್ಲ.”

ರೇಟಕ್ಕ ಕುರ್ಚಿ ಎಳೆದು ಕುಳಿತು ಫಾರಂ ಬಿಚ್ಚಿದಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. “ರೀ, ಹೋದ ವರ್ಷ ಇದೇ ತಿಂಗಳು ಸಕ್ಕರೆ ಎಷ್ಟಿತ್ತು?”

ಇದೇನೋ ಹೊಸ ಬಲೆ ಎಂದು ಅವನಿಗೆ ಗುಮಾನಿ ಬಂತು. ಆದರೂ ಹೇಳಿದ: “ಐವತ್ತೊಂದು. ನಿನ್ನ ತಂಗಿ ಬಂದಿದ್ಲು, ಅವಳ ಎದುರಿಗೇ ನನ್ನ ಬೈದೆ.”

“ಪೊರಕೆ?”

“ಎಪ್ಪತ್ತು. ಬೈಯೋವಾಗ ಅದನ್ನೇ ಕೈಯಲ್ಲಿ ಹಿಡಿದಿದ್ದೆ.”

ಪ್ರತಿ ಬೆಲೆಗೂ ಒಂದು ಬೈಗುಳ ಅಂಟಿಕೊಂಡಿತ್ತು, ಬೈಗುಳಕ್ಕೊಂದು ತಾರೀಕು. ಸಕ್ಕರೆ, ಎಣ್ಣೆ, ದಾರದ ಉಂಡೆ, ಚಪ್ಪಲಿ ಹೊಲಿಗೆ, ಕ್ಷೌರ, ಎಲ್ಲ ಒಂದೊಂದಾಗಿ ಬಂದವು. ಡಿಪೋದಲ್ಲಿ ಬಸ್ಸು ಕೂಗಿದ ಧಾಟಿಯಲ್ಲಿ ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಕೊಡೆಯ ಸಾಲಿಗೆ ಬಂದಾಗ ಅವನು ತಡೆದು ನಿಂತ.

“ಇನ್ನೂರ ನಲವತ್ತು. ಮಿಕ್ಕಿದ್ದು ಸಿಗರೇಟಿಗೆ ಹೋಗಿದೆ ಅಂತ ನನ್ನ ಜೇಬು ಮೂಸಿ ನೋಡಿದೆ. ಬೈದದ್ದೆಲ್ಲ ಮರೆತರೂ ಅದು ಮರೆಯೋಕಾಗಿಲ್ಲ.”

ಅವಳು ಪೆನ್ನು ಕೆಳಗಿಟ್ಟಳು. ಅಂಗಡಿಯವರು, ಕನಿಕರ, ಮುಖ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಕೇಳಿಸಿಕೊಂಡು ಆಲೂಗಡ್ಡೆಯೊಂದನ್ನು ಕೈಗೆತ್ತಿಕೊಂಡ. ಹಾಗಾದರೆ ಇಷ್ಟು ವರ್ಷ ತಾನು ತಂದದ್ದೆಲ್ಲ ಸರಿಯಾದ ಬೆಲೆಗೇ ಎಂದು ಕೇಳಿದ. ರೇಟಕ್ಕ ಹೌದೆಂದು ತಲೆಯಾಡಿಸಿದಳು. ಇಪ್ಪತ್ತೆರಡು ವರ್ಷದ ಬೈಗುಳಕ್ಕೆ ಒಂದು ‘ತಪ್ಪಾಯಿತು’ ಎಲ್ಲಿ ಸಾಲುತ್ತದೆ ಎಂದುಕೊಂಡು ಹಾಳೆ ತಿರುವಿ, ಬಲ್ಬಿನ ಬೆಲೆ ಕೇಳಿದಳು.

ಸೋಮವಾರ ಫಾರಂ ನೋಡಿ ನಿರ್ದೇಶಕರ ಕನ್ನಡಕ ಮೂಗಿನ ತುದಿಗೆ ಜಾರಿತು. ಹನ್ನೆರಡು ತಿಂಗಳು, ನಲವತ್ತು ಸಾಮಾನು, ‘ಮಾಹಿತಿಯ ಮೂಲ’ ಎಂಬ ಕಾಲಮ್ಮಿನಲ್ಲಿ ನಾನೂರ ಎಂಬತ್ತು ಸಲ ಬರೆದಿತ್ತು: ಗಂಡ. ರಾಜ್ಯದ ಮುನ್ನೋಟವನ್ನು ಒಬ್ಬ ಗಂಡನ ಮೇಲೆ ನಿಲ್ಲಿಸಲಾದೀತೇ ಎಂದು ಅವರು ಕೂಗಾಡಿದರು, ನಿವೃತ್ತಿಗೆ ಇನ್ನು ಹತ್ತೇ ದಿನ, ಕಣ್ಣು ಮುಚ್ಚಿಕೊಂಡಿರಬಾರದೇ ಎಂದು ಗೋಗರೆದರು. ರೇಟಕ್ಕ ಕಡ್ಡಿ ಮುರಿದಂತೆ ಹೇಳಿದಳು: “ಅವರು ಕೊಟ್ಟು ತಂದಿದಾರೆ ಸರ್. ನಾನು ಬರೀ ಕೇಳಿದೀನಿ.” ತಜ್ಞರು ಗಂಡನ ಅಂಕಿಗಳನ್ನು ಇಡೀ ದೇಶದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ, ಇಷ್ಟು ನಂಬಿಕಸ್ಥ ಮೂಲ ತಮ್ಮ ಕಚೇರಿಯಲ್ಲೂ ಇಲ್ಲವೆಂದರು.

ಪುಸ್ತಕ ಒಂದು ವಾರ ತಡವಾಗಿ ಹೊರಬಂತು. ದೇಶದ ಮುನ್ನೋಟ ಹೇಗೋ ರಾಜ್ಯದ್ದೂ ಹಾಗೇ, ಬಾಡಿದ ಸೊಪ್ಪು. ರಾಜ್ಯದಲ್ಲಿ ಬೆಲೆಗಳು ರಾತ್ರೋರಾತ್ರಿ ಏರಿದವೆಂದು ಪತ್ರಿಕೆಗಳು ಬೊಬ್ಬೆ ಹಾಕಿದವು, ವಿರೋಧ ಪಕ್ಷದವರು ಬೀದಿಗಿಳಿದರು, ನೌಕರರ ತುಟ್ಟಿಭತ್ಯೆ ಏರಿತು. ಪೇಟೆಯಲ್ಲಿ ಮಾತ್ರ ಒಂದು ಕಾಸೂ ಏರಿರಲಿಲ್ಲ. ವೇದಿಕೆ, ಪ್ರಶಸ್ತಿಪತ್ರಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಕೊನೆಯ ದಿನ ರೇಟಕ್ಕ ಬಗಲಚೀಲ ಒಪ್ಪಿಸಿ, ಹೊಸ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಗಂಡ ಚೀಲ ಹಿಡಿದು ಹೊರಟಾಗ ತಾನೂ ಬರುವೆನೆಂದಳು. ಅವನು ಗಾಬರಿಯಾದ, ಬೇಡವೆನ್ನಲಿಲ್ಲ. ಪೇಟೆಯ ಆ ತುದಿಯಲ್ಲಿ, ಅವಳು ಮುಖ ನೋಡದೆಯೇ ಇಪ್ಪತ್ತೆರಡು ವರ್ಷ ಕಳ್ಳನೆಂದು ಕರೆದ ತರಕಾರಿಯವನು ತಕ್ಕಡಿ ಹಿಡಿದು ನಿಂತಿದ್ದ. ಆಲೂಗಡ್ಡೆ ನಲವತ್ನಾಲ್ಕು ಎಂದ. ಗಂಡ ಅಭ್ಯಾಸಬಲದಿಂದ ಹೆಗಲು ಕುಗ್ಗಿಸಿ ಅವಳ ಕಡೆ ತಿರುಗಿದ.

ರೇಟಕ್ಕನ ತುಟಿಯ ತುದಿಗಳು ಇಳಿಯತೊಡಗಿದವು. ಹುಬ್ಬು ಹುಬ್ಬಿನ ಹತ್ತಿರ ಬಂತು. ತರಕಾರಿಯವನ ಕೈ ತಕ್ಕಡಿಯಲ್ಲೇ ನಿಂತಿತು, ಬೇಕಾದರೆ ನಲವತ್ತು ಕೊಡಿ ಎನ್ನಲು ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಅವಳಿಗೆ ತನ್ನ ಮುಖದ ನೆನಪಾಯಿತು. ಅದನ್ನು ಎತ್ತಿ ಸರಿಮಾಡಿಕೊಂಡಳು.

“ಸರಿಯಾಗಿದೆ. ನಲವತ್ನಾಲ್ಕರ ಹಾಗೇ ಎರಡು ಕೆಜಿ ಹಾಕಿ. ಇವರು ಯಾವತ್ತೂ ಸರಿಯಾದ ಬೆಲೆಗೇ ತಂದಿದಾರೆ. ನಾನೇ ತಪ್ಪು ತಿಳಿದಿದ್ದೆ.”

ಗಂಡ ಚೀಲದ ಬಾಯಿ ಅಗಲಿಸಿ ಹಿಡಿದ. ಆಲೂಗಡ್ಡೆ ಉರುಳಿ ಬಿದ್ದವು. ಆಮೇಲೆ, ಪಕ್ಕದ ಮೂರು ಅಂಗಡಿಗಳವರಿಗೂ ತಾನು ಬಹಳ ವರ್ಷದ ಗಿರಾಕಿ, ಅವರಿಗೂ ಕೇಳಿಸುವ ಹಾಗೆ ಇನ್ನೊಂದು ಸಲ ಹೇಳು ಎಂದ.

ರೇಟಕ್ಕ ಗಟ್ಟಿಯಾಗಿ ಹೇಳಿದಳು.