ಹಿಂದಿ ಬ್ರೇಕು, ಕನ್ನಡ ಬ್ರೇಕು

ಮಗಳ ಸೈಕಲ್ಲಿನ ಮುಂದಿನ ಬ್ರೇಕಿಗೆ ವೈರ್ ತಂದವನು ನಾನೇ, ಹಾಕಿದವನೂ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ಬೇರೆ ಯಾರ ಕೈಯೂ ಇರಲಿಲ್ಲ.

ಆಗ ನಾವು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ನಾನು ಗದಗದ ಕಡೆಯ ಸಣ್ಣ ಊರಿನವನು. ಹತ್ತನೇ ತರಗತಿ ಪಾಸಾದಾಗ ನನಗೆ ಇಪ್ಪತ್ತಾರು ವರ್ಷ. ದೆಹಲಿಯ ಕಚೇರಿಯಲ್ಲಿ ಮೊದಲು ಫೈಲು ಹೊರುತ್ತಿದ್ದೆ, ಆಮೇಲೆ ಇಲಾಖೆಯ ಪರೀಕ್ಷೆ ಬರೆದು ಗುಮಾಸ್ತನಾದೆ. ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೆ. ಈಗಲೂ ಹಾಗೇ.

ಮಗಳಿಗೆ ಹದಿಮೂರು. ಮೂರು ವರ್ಷದವಳಿದ್ದಾಗ ದೆಹಲಿಗೆ ಬಂದವಳು. ಕನ್ನಡ ಕೇಳಿದರೆ ಅರ್ಥವಾಗುತ್ತಿತ್ತು, ಮಾತು ಮಾತ್ರ ಅರ್ಧ ಹಿಂದಿ. ವರ್ಗವಾಗಿ ಹೋಗುತ್ತಿದ್ದ ನಮ್ಮ ಅಧಿಕಾರಿಯೊಬ್ಬರು ತಮ್ಮ ಮಗನ ಹಳೆಯ ಗೇರ್ ಸೈಕಲ್ಲನ್ನು ಅವಳಿಗೆ ಕೊಟ್ಟುಹೋದರು. ದಪ್ಪ ಟಯರು, ಗುಡ್ಡ ಹತ್ತಿ ಇಳಿಯುವುದಕ್ಕೆಂದೇ ಮಾಡಿದ ಸೈಕಲ್ಲು. ಅದು ಬಂದ ಮೇಲೆ ಅವಳಿಗೆ ಪಾರ್ಕಿನ ಸುತ್ತ ತಿರುಗುವುದು ಸಾಲದಾಯಿತು.

ಅವಳಿಗೆ ಕಲಿಸಲು ಒಪ್ಪಿಕೊಂಡವರು ದ್ವಾರಕಾದಲ್ಲಿದ್ದ ಕೊಡಗಿನ ಸುಬೇದಾರರು. ಸೈನ್ಯದಿಂದ ನಿವೃತ್ತರಾಗಿ ಮಾನೇಸರದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೆಕ್ಯುರಿಟಿ ನೋಡಿಕೊಳ್ಳುತ್ತಿದ್ದರು. ಭಾನುವಾರ ತಮ್ಮ ಸೊಸೈಟಿಯ ಇಬ್ಬರು ಮಕ್ಕಳಿಗೆ ಗುಡ್ಡದ ಸೈಕಲ್ ಕಲಿಸುತ್ತಿದ್ದರು. ನಮ್ಮವಳು ಮೂರನೆಯವಳು. ನಾನು ದೂರದಲ್ಲಿ ಕೈಕಟ್ಟಿ ನಿಂತದ್ದನ್ನು ನೋಡಿ ಮೊದಲ ದಿನವೇ ಕರೆದರು.

"ಏನ್ರೀ, ನೀವು ಅಲ್ಲಿ ನಿಂತು ಉಗುರು ಕಚ್ತಾ ಇದ್ರೆ ಹುಡುಗಿ ರಸ್ತೆ ನೋಡ್ತಾಳಾ, ನಿಮ್ಮ ಮುಖ ನೋಡ್ತಾಳಾ? ಬನ್ನಿ, ನೀವೂ ಹತ್ತಿ."

"ನಾನಾ? ಬ್ಯಾಡ್ರೀ ಸಾಹೇಬ್ರ. ಈ ವಯಸ್ಸಿನ್ಯಾಗ..."

"ವಯಸ್ಸು ಸೈಕಲ್‌ಗೆ ಗೊತ್ತಾಗಲ್ಲ. ಹತ್ತಿ."

ಹೀಗೆ ನಲವತ್ತು ದಾಟಿದ ಮೇಲೆ ನಾನೂ ಕಲಿತೆ. ದ್ವಾರಕಾದಲ್ಲಿ ಆಗಿನ್ನೂ ಕಟ್ಟಡ ಏಳದ ಖಾಲಿ ಜಾಗಗಳು ಬಹಳ ಇದ್ದವು. ಅಲ್ಲಿ ಸುರಿದ ಮಣ್ಣಿನ ಗುಡ್ಡೆಗಳೇ ನಮ್ಮ ಶಾಲೆ. ಇಳಿಯುವಾಗ ಸೀಟಿನ ಮೇಲೆ ಕೂರಬಾರದು. ಎರಡೂ ಪೆಡಲು ಸಮ ಮಾಡಿಕೊಂಡು ಎದ್ದು ನಿಂತು, ಸೊಂಟವನ್ನು ಹಿಂದಕ್ಕೆ ತಳ್ಳಬೇಕು. ಕಲ್ಲನ್ನು ನೋಡಿದರೆ ಕಲ್ಲಿಗೇ ಹೋಗಿ ಗುದ್ದುತ್ತೀರಿ, ಕಲ್ಲಿನಾಚೆಯ ದಾರಿಯನ್ನು ನೋಡಬೇಕು. ಬ್ರೇಕಿನ ಮೇಲೆ ಒಂದೇ ಬೆರಳು. ನಾನು ಮಾತ್ರ ಪ್ರತಿ ಸಲವೂ ಕಲ್ಲನ್ನೇ ನೋಡಿದೆ, ಪ್ರತಿ ಸಲವೂ ಅದರ ಮೇಲೇ ಹೋದೆ.

ಬಲಗೈಯದು ಮುಂದಿನ ಬ್ರೇಕು, ಎಡಗೈಯದು ಹಿಂದಿನದು. ಸುಬೇದಾರರು "ಇಳಿಜಾರಲ್ಲಿ ಗಾಬರಿಯಾದ್ರೆ ಮೊದಲು ಹಿಂದಿನ ಬ್ರೇಕ್ ಹಿಡಿ" ಅಂದಾಗ ಮಗಳು ಸೈಕಲ್ ನಿಲ್ಲಿಸಿ ಕೇಳಿದಳು.

"ಅಂಕಲ್, ಹಿಂದಿ ಬ್ರೇಕ್? ಬ್ರೇಕ್ ಮೇ ಭೀ ಹಿಂದಿ ಇರತ್ತಾ?"

ಸುಬೇದಾರರು ನಕ್ಕು ನಕ್ಕು ಟೋಪಿ ತೆಗೆದು ಕಣ್ಣೊರೆಸಿಕೊಂಡರು. "ಹೌದಮ್ಮಾ. ಎಡಗೈದು ಹಿಂದಿ, ಬಲಗೈದು ಕನ್ನಡ. ಅದು ನಿಮ್ಮಪ್ಪನ ಬ್ರೇಕು, ಜೋರಾಗಿ ಹಿಡಿದ್ರೆ ತಲೆಕೆಳಗೆ ಹಾಕತ್ತೆ!"

ಅಂದಿನಿಂದ ಹೆಸರು ನಿಂತುಬಿಟ್ಟಿತು. ಮನೆಯಲ್ಲಿ ನಾನು ಸಿಟ್ಟಾದರೂ ಮಗಳು ತನ್ನ ತಾಯಿಗೆ "ಮಮ್ಮಿ, ಕನ್ನಡ ಬ್ರೇಕ್ ಲಗ್ ಗಯಾ" ಅನ್ನುತ್ತಿದ್ದಳು.

ಮೊದಲ ಸಲ ನಿಜವಾದ ಗುಡ್ಡಕ್ಕೆ ಹೋಗುವ ವಾರ ಕನ್ನಡ ಬ್ರೇಕಿನ ವೈರ್ ಎಳೆಎಳೆಯಾಗಿ ಬಿಚ್ಚಿಕೊಂಡು ತುಂಡಾಯಿತು. ಹೊಸದು ತನ್ನಿ, ನಾನು ಹಾಕಿಕೊಡುತ್ತೇನೆ ಎಂದು ಸುಬೇದಾರರು ಫೋನಿನಲ್ಲಿ ಹೇಳಿದರು. ಶನಿವಾರ ಝಂಡೇವಾಲಾನಿನ ಸೈಕಲ್ ಮಾರುಕಟ್ಟೆಗೆ ಹೋದೆ. ಕೆಲವು ಅಂಗಡಿ ಸುತ್ತಿದ ಮೇಲೆ ಗೇರ್ ಸೈಕಲ್ಲಿನ ಸಾಮಾನು ಇಟ್ಟಿದ್ದವನೊಬ್ಬ ಸಿಕ್ಕ. ತುಂಡಾದ ವೈರನ್ನು ತೋರಿಸಿದೆ. ಅದರ ತುದಿಯಲ್ಲಿ ಸೀಸದ ಗುಂಡು ಇರುತ್ತದೆ, ಅದು ಬ್ರೇಕಿನ ಹಿಡಿಯೊಳಗೆ ಕೂರಬೇಕು. ಅವನು ಡಬ್ಬಿ ತಡಕಾಡಿ, ಸ್ವಲ್ಪ ತೆಳ್ಳಗಿನ ಒಂದು ವೈರನ್ನು ತೆಗೆದ. ಗುಂಡೂ ಸಣ್ಣದಿತ್ತು. ಅದು ಹಿಡಿಯಿಂದ ಜಾರಿ ಬರದಂತೆ ಒಂದು ವಾಷರ್ ಪೋಣಿಸಿ ನನ್ನ ಕೈಗಿಟ್ಟ.

"ಯೇ ಚಲೇಗಾ, ಭಾಯಿಸಾಬ್."

"ಪಕ್ಕಾ, ಭಯ್ಯಾ?"

"ಅರೇ ಚಲೇಗಾ, ಚಲೇಗಾ. ಬಿಂದಾಸ್ ಲೇ ಜಾಓ."

ಎರಡು ಸಲ, ಮೂರು ಸಲ ಅಂದ, ಧೈರ್ಯವಾಗಿ ತೆಗೆದುಕೊಂಡು ಹೋಗಿ ಎಂದೂ ಅಂದ. ನನಗೆ ಸಮಾಧಾನವಾಯಿತು. ನಮ್ಮ ಕಡೆ ಚಲೋ ಅಂದರೆ ಒಳ್ಳೆಯದು. ಚಲೋ ಊಟ, ಚಲೋ ಮನುಷ್ಯಾ. ದೆಹಲಿಯ ಚಲೋ ಅಂದರೆ ಹೊರಡಿ ಎಂದು ಬಂದ ವಾರವೇ ತಿಳಿದಿತ್ತು. ಆದರೆ ಚಲೇಗಾ ಎಂಬುದನ್ನು ಮಾತ್ರ ನಾನು ಹತ್ತು ವರ್ಷವೂ ನಮ್ಮ ಚಲೋದ ನೆಂಟನೆಂದೇ ತಿಳಿದಿದ್ದೆ. ಚಲೇಗಾ ಅಂದವರಿಗೆ ನಾನು ಖುಷಿಯಿಂದ ತಲೆಯಾಡಿಸುತ್ತಿದ್ದೆ, ಅವರೂ ತಲೆಯಾಡಿಸುತ್ತಿದ್ದರು. ಇದರಲ್ಲಿ ಯಾರಿಗೆ ಅನುಮಾನ ಬರುತ್ತದೆ? ನಾನು ಮೊದಲ ಬಾರಿಗೆ ಟೈಪ್ ಮಾಡಿದ ಪತ್ರವನ್ನು ನೋಡಿ ಸೆಕ್ಷನ್ ಆಫೀಸರು "ಚಲೇಗಾ" ಅಂದಿದ್ದರು. ಆ ದಿನ ಸಂಜೆ ಮನೆಗೆ ಜಿಲೇಬಿ ತಂದಿದ್ದೆ.

ವೈರನ್ನು ಆ ಸಂಜೆ ನಾನೇ ಹಾಕಿದೆ. ಸುಬೇದಾರರಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ. ಭಾನುವಾರ ಬೆಳಿಗ್ಗೆ ಅವರು ಎಂದಿನಂತೆ ಎಲ್ಲರ ಬ್ರೇಕನ್ನೂ ಒಮ್ಮೊಮ್ಮೆ ಹಿಂಡಿ ನೋಡಿದರು. ನಮ್ಮದನ್ನೂ ಹಿಂಡಿದರು. ಹಿಡಿಯಿತು. "ಪರವಾಗಿಲ್ವೇ, ಮಿಸ್ತ್ರಿ ಆಗ್ಬಿಟ್ರಿ" ಅಂದರು. ಟೆಂಪೋದಲ್ಲಿ ಸೈಕಲ್ಲುಗಳನ್ನು ಹಾಕಿಕೊಂಡು ಮಾನೇಸರ ದಾಟಿ, ಕುರುಚಲು ಗಿಡಗಳ ಒಂದು ಕಲ್ಲುಗುಡ್ಡದ ಬುಡದಲ್ಲಿ ಇಳಿದೆವು.

ಗುಡ್ಡದಿಂದ ಇಳಿಯುವ ಕಾಲುದಾರಿಗೆ ಮೂರು ತಿರುವು. ಮೂರನೆಯ ತಿರುವಿನ ಹೊರಬದಿಯಲ್ಲಿ ಹಳೆಯ ಕಲ್ಲುಗಣಿಯ ಹೊಂಡ. ಅಲ್ಲಿ ಸೈಕಲ್ ನಿಧಾನ ಮಾಡಲೇಬೇಕು. ಸುಬೇದಾರರು ಮೂವರು ಮಕ್ಕಳೊಡನೆ ಮೇಲಕ್ಕೆ ಹೋದರು, ಒಬ್ಬೊಬ್ಬರನ್ನೇ ಬಿಡುವುದೆಂದು ಮಾತಾಯಿತು. ಕೆಳಗೆ ಬಂದವರನ್ನು ನೋಡಿಕೊಳ್ಳುವ ಕೆಲಸ ನನ್ನದು. ನಮ್ಮವಳು ಕೊನೆಯವಳು.

ಮೊದಲನೆಯ ಹುಡುಗ ಧೂಳೆಬ್ಬಿಸಿಕೊಂಡು ಬಂದು ನಿಂತ. ಎರಡನೆಯವನೂ ಬಂದ. ನನಗೆ ಬಾಯಿ ಒಣಗಿತ್ತು. ಟೆಂಪೋ ನಿಲ್ಲಿಸಿದ್ದ ಕಡೆ ಒಬ್ಬ ಮುದುಕ ಸ್ಟೋವ್ ಇಟ್ಟುಕೊಂಡು ಚಹಾ ಮಾರುತ್ತಿದ್ದ. ಒಂದು ಕೊಡು ಅಂದೆ. ಅವನು ಪಾತ್ರೆಯನ್ನು ಬಗ್ಗಿಸಿ ತೋರಿಸಿದ.

"ಅಸಲಿ ದೂಧ್ ತೋ ಖತಮ್ ಹೋ ಗಯಾ, ಬಾಬೂಜಿ. ಪೌಡರ್ ಹೈ. ವೈಸಾ ಸ್ವಾದ್ ತೋ ನಹೀ... ಚಲೇಗಾ?"

ನಿಜವಾದ ಹಾಲು ಮುಗಿದಿದೆ, ಪುಡಿಯಿದೆ, ಆ ರುಚಿ ಬರುವುದಿಲ್ಲ. ಇಷ್ಟು ಹೇಳಿ ಅವನು ಚಲೇಗಾ ಎಂದು ಕೇಳುತ್ತಿದ್ದಾನೆ. ಮುಖದಲ್ಲಿ ಸಂಕೋಚವಿತ್ತು. ಒಳ್ಳೆಯದು ಎಂದು ಹೇಳುವವನ ಮುಖ ಅದಾಗಿರಲಿಲ್ಲ.

"ಚಲೇಗಾ ಮತಲಬ್?" ಎಂದು ಕೇಳಿದೆ.

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮತಲಬ್ ಕ್ಯಾ, ಬಾಬೂಜಿ? ಅಸಲಿ ನಹೀ ಹೈ, ಕಾಮ್ ಚಲಾ ಲೋ."

ಅಸಲಿಯಲ್ಲ, ಹೇಗೋ ಕೆಲಸ ಸಾಗಿಸಿಕೊಳ್ಳಿ.

ತೆಳ್ಳಗಿನ ವೈರ್, ಸಣ್ಣ ಗುಂಡು, ವಾಷರ್ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಇದು ಅಸಲಿಯಲ್ಲ, ಆದರೂ ನಡೆಯುತ್ತದೆ ಎಂದು ಮೂರು ಸಲ ಹೇಳಿಯೇ ಕೊಟ್ಟಿದ್ದ.

ಸುಬೇದಾರರ ಮೊಬೈಲಿಗೆ ಮಾಡಿದೆ. ಗುಡ್ಡದ ಮೇಲೆ ಸಿಗ್ನಲ್ ಇಲ್ಲ. ಎರಡನೆಯ ಹುಡುಗನ ಕೈಯಲ್ಲಿದ್ದ ಸೈಕಲ್ಲನ್ನು ಕಸಿದುಕೊಂಡು ಹತ್ತಿದೆ. ಕಡಿಮೆ ಗೇರಿಗೆ ಹಾಕಿ ಮುಂದಕ್ಕೆ ಬಾಗಬೇಕೆಂದು ಕಲಿತದ್ದೆಲ್ಲ ಮರೆತು ಎದ್ದು ನಿಂತು ತುಳಿದೆ. ಹಿಂದಿನ ಚಕ್ರ ಜಲ್ಲಿಯಲ್ಲಿ ಗಿರ್ರನೆ ಸುತ್ತಿ ನಿಂತಿತು. ಸೈಕಲ್ಲನ್ನು ಅಲ್ಲೇ ಬಿಸಾಕಿ ಓಡಿದೆ. ಗಣಿಯ ತಿರುವಿಗೆ ಬಂದಾಗ ಮೇಲೆ ಅವಳ ಕೆಂಪು ಹೆಲ್ಮೆಟ್ ಕಾಣಿಸಿತು. ಹೊರಟಾಗಿತ್ತು. ಮೊದಲನೆಯ ತಿರುವನ್ನು ದಾಟಿಯೂ ಆಗಿತ್ತು.

ನಿಲ್ಲು ಎಂದು ಕೂಗಲು ಬಾಯಿ ತೆರೆದವನು ತಡೆದುಕೊಂಡೆ. ನಿಲ್ಲು ಅಂದರೆ ಗಾಬರಿಯಾಗಿ ಎರಡನ್ನೂ ಗಟ್ಟಿಯಾಗಿ ಹಿಡಿಯುತ್ತಾಳೆ. ಅವಳ ಬಲಗೈಯಲ್ಲಿ ಹಿಡಿತ ಜಾಸ್ತಿ. ಆ ಗುಂಡು ಕಿತ್ತು ಬಂದರೆ? ಕೂಗದೆ ಬಿಟ್ಟರೂ ಈ ತಿರುವಿನಲ್ಲಿ ಹಿಡಿಯಲೇಬೇಕು. ಎರಡನೆಯ ತಿರುವಿನಲ್ಲಿ ಅವಳು ಸೊಂಟ ಹಿಂದೆ ಮಾಡಿ ಚೆಂದವಾಗಿ ಹೊರಳಿದಳು. ಆ ಹೊತ್ತಿನಲ್ಲೂ ಅದನ್ನು ಗಮನಿಸಿದೆ.

"ಹಿಂದೀ!" ಎಂದು ಕಿರುಚಿದೆ. "ಹಿಂದಿ ಹಿಡೀ! ಕನ್ನಡ ಬ್ಯಾಡ! ಕನ್ನಡ ಬ್ಯಾಡ ನನ್ನವ್ವಾ!"

ಅವಳ ಬಲಗೈ ಬೆರಳು ಮೇಲಕ್ಕೆದ್ದಿತು. ಅಷ್ಟು ದೂರದಿಂದ ಕಂಡಿತೋ ಅಥವಾ ಕಂಡಂತೆ ಈಗ ನೆನಪಾಗುತ್ತಿದೆಯೋ ತಿಳಿಯದು. ಹಿಂದಿನ ಚಕ್ರ ಲಾಕಾಗಿ ಅಡ್ಡಕ್ಕೆ ಜಾರಿತು. ಸೈಕಲ್ಲು ಒಳಬದಿಗೆ ಉರುಳಿತು, ಅವಳು ಮೊಣಕಾಲೂರಿ ಜಲ್ಲಿಯ ಮೇಲೆ ಎಳೆದುಕೊಂಡು ಹೋಗಿ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಳು.

"ಪಪ್ಪಾ! ಪಾಗಲ್ ಹೋ ಕ್ಯಾ? ನಾನು ಎಷ್ಟು ಮಸ್ತ್ ಬರ್ತಾ ಇದ್ದೆ!"

ನಾನು ಅವಳ ಮೊಣಕಾಲಿನ ರಕ್ತ ನೋಡಿದೆ, ಕೈ ನೋಡಿದೆ, ಮತ್ತೆ ಮೊಣಕಾಲು ನೋಡಿದೆ. ಅಷ್ಟರಲ್ಲಿ ಸುಬೇದಾರರು ಇಳಿದು ಬಂದರು. ನಾನು ತೋರಿಸಿದ ಹಿಡಿಯೊಳಗೆ ಇಣುಕಿದರು. ವಾಷರ್ ಬಟ್ಟಲಿನ ಹಾಗೆ ಬಗ್ಗಿತ್ತು. ಗುಂಡು ಅದರ ತೂತಿನೊಳಗೆ ಅರ್ಧ ಇಳಿದಿತ್ತು.

"ಇದು ಗೇರ್ ವೈರು ಕಣ್ರೀ, ಬ್ರೇಕಿಂದಲ್ಲ. ಯಾರು ಕೊಟ್ಟಿದ್ದು?"

"ಅಂಗಡಿಯಾವ ಚಲೇಗಾ ಅಂದ್ರೀ. ನಾ ಚಲೋ ಐತಿ ಅಂತ ತಿಳದೆ."

ಅವರು ನಗುತ್ತಾರೆಂದುಕೊಂಡೆ. ನಗಲಿಲ್ಲ. ಆ ವಾಷರನ್ನು ಉಗುರಿನಿಂದ ತಟ್ಟಿದರು. "ನಾನೂ ಒಂದ್ಸಲ ಹಿಂಡಿ ಸುಮ್ಮನಾದೆನಲ್ಲಾ" ಅಂದರು.

ನಕ್ಕವಳು ಮಗಳು. ಮೊಣಕಾಲಿಗೆ ನೀರು ಹಾಕಿಸಿಕೊಳ್ಳುತ್ತ, ಉರಿಗೆ ಹಲ್ಲು ಕಚ್ಚುತ್ತ, "ಪಪ್ಪಾ, ಸಚ್ ಮೇ? ಇಷ್ಟು ದಿನ? ಮಮ್ಮಿಯ ಉಪ್ಪಿಟ್ಟಿಗೂ ನೀನು ಚಲೇಗಾ ಅಂತೀಯಲ್ಲಾ!"

ಹೌದು, ಅದೂ ಇತ್ತು. ಹೆಂಡತಿ ಏಕೆ ಮುಖ ಊದಿಸಿಕೊಳ್ಳುತ್ತಿದ್ದಳೆಂದು ಆ ಗುಡ್ಡದ ಮೇಲೆ ತಿಳಿಯಿತು.

ಮರುದಿನ ಕಚೇರಿಯಲ್ಲಿ ನಾನು ಟೈಪ್ ಮಾಡಿದ ಹಳೆಯ ಪತ್ರಗಳ ಪ್ರತಿಗಳನ್ನು ತೆಗೆದು ನೋಡಿದೆ. ಮೊದಲನೆಯದರಲ್ಲೇ ಐದು ತಪ್ಪು ಸಿಕ್ಕವು.

ಮುಂದಿನ ಶನಿವಾರ ಮಗಳನ್ನು ಕರೆದುಕೊಂಡು ಅದೇ ಅಂಗಡಿಗೆ ಹೋದೆ. ಜಗಳಕ್ಕಲ್ಲ. ಜೇಬಿನಲ್ಲಿ ಬಗ್ಗಿದ ವಾಷರ್ ಮತ್ತು ಹಳೆಯ ಅಸಲಿ ವೈರಿನ ತುಂಡು ಇತ್ತು. ಅವನಿಗೆ ನನ್ನ ನೆನಪಿರಲಿಲ್ಲ. ಡಬ್ಬಿ ತಡಕಾಡಿ, ಒಂದು ವೈರ್ ತೆಗೆದು ಎಂದಿನ ಉತ್ಸಾಹದಲ್ಲೇ "ಯೇ ಚಲೇಗಾ" ಅಂದ. ಹಳೆಯ ತುಂಡಿನ ಪಕ್ಕದಲ್ಲಿಟ್ಟು ಎರಡೂ ಗುಂಡುಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಹೊಸದು ಸಣ್ಣದಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಹೀ ಚಲೇಗಾ, ಭಯ್ಯಾ" ಅಂದೆ.

ಅವನು ಏನೂ ಬೇಜಾರು ಮಾಡಿಕೊಳ್ಳದೆ ಏಣಿ ಹತ್ತಿ, ಮೇಲಿನ ಅಟ್ಟದಿಂದ ಇನ್ನೊಂದು ಡಬ್ಬಿ ಇಳಿಸಿದ.